ತಪ್ಪು ಕಾಣಬೇಕು, ಕಾಡಬಾರದು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಗಣಕಯಂತ್ರದ ವಿಷಯವಾಗಿ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಗಣಕಯಂತ್ರದ ಮಹಿಮೆಯನ್ನು ಕೊಂಡಾಡುವ ಲೇಖನಗಳಿಗೆ ಇಂದು ಬರವಿಲ್ಲ. ಅದರಿಂದ ಜಗತ್ತು ಅಂಗೈಯಗಲವಾಯಿತೆಂಬುದನ್ನು ಮೂರನೆಯ ತರಗತಿಯ ಮಗುವೂ ಬಲ್ಲದು. ಆದುದರಿಂದ ನಾನು ಬಹಳ ಚಿಕ್ಕದೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ನಾವು ತಪ್ಪು ಮಾಡಿದಾಗ ಯಂತ್ರವು ಅದನ್ನು ನಮಗೆ ಹೇಗೆ ತಿಳಿಸುತ್ತದೆ, ಹೇಗೆ ತಿಳಿಸಬೇಕು ಎಂಬುದೇ ಆ ವಿಷಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶಾಲೆಯ ಗಣಕ ಕೊಠಡಿಯಲ್ಲಿ ಮಕ್ಕಳು ಆದೇಶಗಳನ್ನು ಟೈಪು ಮಾಡಿ ಕಲಿಯುವ ಪರದೆಯ ಮೇಲೆ ದೋಷಸೂಚನೆಗಳು ಕೆಂಪು ಬಣ್ಣದಲ್ಲಿ, ಒಂದು ಚಿಹ್ನೆಯ ಸಮೇತ, ಉಳಿದ ಬರೆಹದಿಂದ ಬೇರೆಯಾಗಿ ಎದ್ದು ಕಾಣಬೇಕು. ಅವುಗಳ ಅರ್ಥವು ಕನ್ನಡದಲ್ಲಿ ಪಕ್ಕದಲ್ಲಿಯೇ ಸಿಗಬೇಕು. ಇದು ಅಲಂಕಾರದ ಮಾತೆಂದು ಯಾರೂ ಭಾವಿಸಬಾರದು. ಇದು ಗಡಿನಾಡಿನ ಕನ್ನಡ ಮಗುವಿನ ಕಲಿಕೆಗೆ ಸಂಬಂಧಪಟ್ಟ ಮಾತು.

ನಾಲ್ಕು ಭಾಷೆಗಳ ನಡುವಿನ ಮಗು

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಪ್ರದೇಶಗಳ ಚರಿತ್ರೆ ಈ ಸಂಚಿಕೆಯ ಓದುಗರಿಗೆ ಹೊಸದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ಮುನ್ನ ಹೈದರಾಬಾದ್ ರಾಜ್ಯದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡಗಳು ಬೀದರ ಜಿಲ್ಲೆಗೂ ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು ಇವು ಆಂಧ್ರಪ್ರದೇಶದ ಪಾಲಾದವು. 2014ರ ಜೂನ್ 2ರಿಂದ ತೆಲಂಗಾಣದಲ್ಲಿವೆ. ಗಡಿಯ ಕಲ್ಲು ಸರಿದರೂ ಅನೇಕ ಮನೆಗಳ ಮಾತು ಸರಿಯಲಿಲ್ಲ. ಆ ಮನೆಮಾತಿನ ಮೇಲೆ ಕಟ್ಟಿದ ಶಾಲೆ ನಮ್ಮದು.

ಇಂಥ ಶಾಲೆಯ ಮಗು ಮನೆಯಲ್ಲಿ ಕನ್ನಡವನ್ನೂ ಓಣಿಯಲ್ಲಿ ತೆಲುಗನ್ನೂ ಸಂತೆಯಲ್ಲಿ ದಖನಿ ಉರ್ದುವನ್ನೂ ಆಡುತ್ತ ಬೆಳೆಯುತ್ತದೆ. 2018ರ ತೆಲಂಗಾಣ ಕಾನೂನಿನ ಪ್ರಕಾರ ಶಾಲೆಗಳಲ್ಲಿ ತೆಲುಗು ಕಡ್ಡಾಯ ವಿಷಯವೂ ಆಯಿತು. ಹೀಗೆ ಭಾಷೆಯಿಂದ ಭಾಷೆಗೆ ದಾಟುವುದು ನಮ್ಮ ಮಕ್ಕಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಗಣಕಯಂತ್ರದ ಎದುರು ಕುಳಿತೊಡನೆ ಅವರೆದುರಿಗೆ ಬರುವುದು ಇಂಗ್ಲಿಷ್ ಒಂದೇ. ಇಂಗ್ಲಿಷಿನ ಪಾಠವನ್ನು ನಿಧಾನವಾಗಿ ಓದಿ ಅರ್ಥಮಾಡಿಕೊಳ್ಳಬಲ್ಲ ಹುಡುಗಿಯೂ ಪರದೆಯ ಮೇಲೆ ಸರಸರನೆ ಏರಿಹೋಗುವ ಇಪ್ಪತ್ತು ಮೂವತ್ತು ಸಾಲುಗಳ ನಡುವೆ ಮುಖ್ಯವಾದ ಒಂದು ಸಾಲನ್ನು ಹೆಕ್ಕಿಕೊಳ್ಳಲಾರಳು. ಅವಳಲ್ಲಿ ಬುದ್ಧಿಯ ಕೊರತೆಯಿಲ್ಲ. ಪರಭಾಷೆಯ ಪುಟವನ್ನು ಕಣ್ಣಾಡಿಸಿ ಓದುವ ರೂಢಿ ಇನ್ನೂ ಬಂದಿಲ್ಲ, ಅಷ್ಟೆ.

ಮೌನವೇ ಸಮ್ಮತಿ

ಗಣಕಯಂತ್ರವನ್ನು ಚಿತ್ರಗಳ ಮೇಲೆ ಒತ್ತಿ ನಡೆಸುವುದು ಈಗ ಎಲ್ಲರಿಗೂ ಗೊತ್ತು. ಇನ್ನೊಂದು ಹಳೆಯ ದಾರಿಯಿದೆ. ಕಪ್ಪು ಪರದೆಯ ಮೇಲೆ ಆದೇಶವನ್ನು ಅಕ್ಷರಗಳಲ್ಲಿ ಟೈಪು ಮಾಡಿ ಎಂಟರ್ ಕೀಲಿಯನ್ನು ಒತ್ತುವುದು. ಇದಕ್ಕೆ ಕಮಾಂಡ್ ಲೈನ್ ಎನ್ನುತ್ತಾರೆ. ಹಳೆಯದಾದರೂ ಇದು ಸತ್ತುಹೋದ ದಾರಿಯಲ್ಲ. ಗಣಕ ವಿಜ್ಞಾನವನ್ನು ವೃತ್ತಿಯಾಗಿ ಹಿಡಿಯುವವರು ಇಂದಿಗೂ ಈ ಬಾಗಿಲಿನಿಂದಲೇ ಒಳಗೆ ಹೋಗಬೇಕು.

ಈ ಕಪ್ಪು ಪರದೆಯ ಸ್ವಭಾವ ವಿಚಿತ್ರವಾದುದು. ಯುನಿಕ್ಸ್ ಸಂಪ್ರದಾಯದಲ್ಲಿ ಕೆಲಸ ಸರಿಯಾಗಿ ಆದರೆ ಯಂತ್ರವು ಬಹುಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಕಡತವನ್ನು ನಕಲು ಮಾಡು ಎಂದರೆ ಮಾಡಿ ಸುಮ್ಮನಿರುತ್ತದೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ನಮ್ಮ ಹಿರಿಯರ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸುವವರು ಬೇರೊಬ್ಬರಿಲ್ಲ. ಕೆಲಸ ಕೆಟ್ಟರೆ ಮಾತ್ರ ಒಂದು ಸಾಲು ಗೊಣಗುತ್ತದೆ. ತೊಂದರೆ ಇರುವುದು ಇಲ್ಲಿಯೇ. ಆ ಗೊಣಗಾಟದ ಸಾಲೂ ಉತ್ತರದ ಸಾಲೂ ಒಂದೇ ಅಳತೆಯ, ಒಂದೇ ಬಿಳಿಯ ಅಕ್ಷರಗಳಲ್ಲಿ ಮೂಡಿದರೆ ಬಲ್ಲವನು ಗುರುತಿಸುತ್ತಾನೆ, ಹೊಸಬನಿಗೆ ಎರಡೂ ಒಂದೇ.

ಇದರ ಪರಿಣಾಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೈದರಾಬಾದಿನ ಒಂದು ತರಬೇತಿ ಕೇಂದ್ರದಲ್ಲಿ ಸಂಜೆಯ ತರಗತಿಗಳಿಗೆ ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾರಾಯಣಖೇಡದ ಕಡೆಯ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬ ಹುಡುಗ ನನ್ನ ಬಳಿ ಸಿ ಭಾಷೆ ಕಲಿಯುತ್ತಿದ್ದ. ಸರಳ ಬಡ್ಡಿಯ ಲೆಕ್ಕ. ಅಸಲು 1000 ರೂಪಾಯಿ, ಅವಧಿ 2 ವರ್ಷ, ದರ ಶೇಕಡಾ 8. ಉತ್ತರ 160 ಎಂದು ಹಿಂದಿನ ದಿನವೇ ಬಂದಿತ್ತು. ಮರುದಿನ ದರವನ್ನು 12ಕ್ಕೆ ಬದಲಿಸಲು ಹೇಳಿದೆ. ಬದಲಿಸುವಾಗ ಸಾಲಿನ ಕೊನೆಯ ಅರ್ಧವಿರಾಮ ಅಳಿಸಿಹೋಯಿತು. ಯಂತ್ರವು ದೋಷವನ್ನು ತಿಳಿಸಿತು, ಹೊಸ ಕಾರ್ಯಕ್ರಮವನ್ನು ಸಿದ್ಧಪಡಿಸಲಿಲ್ಲ. ಆದರೆ ನಿನ್ನೆ ಸಿದ್ಧವಾದ ಹಳೆಯ ಕಾರ್ಯಕ್ರಮ ಅಲ್ಲಿಯೇ ಇತ್ತು. ಹುಡುಗ ಅದನ್ನೇ ನಡೆಸಿದ. ಮತ್ತೆ 160 ಎಂದು ಬಂತು. ‘ಉತ್ತರ ಬಂದದ್ರಿ ಸರ್’ ಎಂದು ಸಂತೋಷದಿಂದ ಕರೆದ. ಬರಬೇಕಾದುದು 240. ದೋಷದ ಸಾಲುಗಳು ಅವನ ಕಣ್ಣೆದುರಿಗೇ ಇದ್ದವು. ಅವನು ನೋಡಿದ್ದ, ಆದರೆ ಕಂಡಿರಲಿಲ್ಲ. ಯಂತ್ರವು ಯಾವಾಗಲೂ ಏನೋ ಇಂಗ್ಲಿಷಿನಲ್ಲಿ ಬರೆಯುತ್ತಿರುತ್ತದೆ ಎಂದು ಅವನು ಭಾವಿಸಿದ್ದ.

ಬಡ್ಡಿಯ ಲೆಕ್ಕದಲ್ಲಿ 80 ರೂಪಾಯಿಯ ವ್ಯತ್ಯಾಸ ದೊಡ್ಡದಲ್ಲ. ಆದರೆ ಕಾಣದ ತಪ್ಪಿನ ಸ್ವಭಾವವೇ ಹೀಗೆ. ಅದು ಸುಮ್ಮನೆ ಕೂರುವುದಿಲ್ಲ, ಸರಿಯುತ್ತರದ ವೇಷ ಹಾಕಿಕೊಂಡು ಬರುತ್ತದೆ. ಇಂದು ತರಗತಿಯ ಲೆಕ್ಕ, ನಾಳೆ ಯಾರದೋ ಸಂಬಳದ ಪಟ್ಟಿ, ನಾಡಿದ್ದು ಆಸ್ಪತ್ರೆಯ ಔಷಧದ ಪ್ರಮಾಣ. ಹುಡುಗನಿಗೆ ಬೈದು ಪ್ರಯೋಜನವಿಲ್ಲ. ತಪ್ಪು ಕಾಣಿಸುವಂತೆ ಮಾಡುವುದು ಕಲಿಸುವವರ ಕೆಲಸ.

ಎರಡು ಕಾಲುವೆಗಳು

ಈ ತೊಂದರೆ ನಮ್ಮ ಮಕ್ಕಳದಷ್ಟೇ ಅಲ್ಲ. ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟಿದ ಅಮೆರಿಕದ ಬೆಲ್ ಲ್ಯಾಬ್ಸ್ ಸಂಸ್ಥೆಯ ಪಂಡಿತರಿಗೂ 1970ರ ದಶಕದಲ್ಲಿ ಇದೇ ತೊಡಕು ಎದುರಾಯಿತು. ಅಲ್ಲಿ ದುಡಿದ ಸ್ಟೀವ್ ಜಾನ್ಸನ್ ಅವರು ಹೇಳಿರುವ ಒಂದು ಪ್ರಸಂಗ ಅಚ್ಚುಮನೆಯ ಕಷ್ಟ ಬಲ್ಲ ನಮ್ಮ ಸಂಪಾದಕರಿಗೆ ಚೆನ್ನಾಗಿ ಅರ್ಥವಾದೀತು. ಅವರಲ್ಲಿ ಬೆಳಕಿನಿಂದ ಅಕ್ಷರ ಜೋಡಿಸುವ ಫೋಟೋಟೈಪ್‌ಸೆಟರ್ ಯಂತ್ರವಿತ್ತು. ಅದರಿಂದ ಬಂದ ಉದ್ದನೆಯ ಕಾಗದವನ್ನು ದುರ್ನಾತದ ಇನ್ನೊಂದು ಯಂತ್ರಕ್ಕೆ ಉಣಿಸಿ, ಹಲವು ನಿಮಿಷ ಕಾದರೆ ಅಕ್ಷರಗಳು ಮೂಡುತ್ತಿದ್ದವು. ಒಂದು ಮಧ್ಯಾಹ್ನ ಹಲವರು ಹೀಗೆ ಕಾದು ಕಾಗದ ತೆಗೆದು ನೋಡಿದರೆ ಅದರ ಮೇಲೆ ಇಂಥ ಕಡತವನ್ನು ತೆರೆಯಲಾಗಲಿಲ್ಲ ಎಂಬ ಒಂದೇ ಒಂದು ಸಾಲು ಸುಂದರವಾಗಿ ಅಚ್ಚಾಗಿತ್ತು! ದೋಷಸೂಚನೆಯೂ ಬರೆಹವೂ ಒಂದೇ ದಾರಿಯಲ್ಲಿ ಹರಿಯುತ್ತಿದ್ದುದರಿಂದ ಹೀಗಾಗಿತ್ತು. ಗೊಣಗಾಟ ಜೋರಾಯಿತು; ಕೆಲವೇ ದಿನಗಳಲ್ಲಿ ದೋಷಸೂಚನೆಗೆಂದೇ ಬೇರೆಯ ದಾರಿಯನ್ನು ತೋಡಲಾಯಿತು.

ಅಂದಿನಿಂದ ಪ್ರತಿಯೊಂದು ಕಾರ್ಯಕ್ರಮಕ್ಕೂ ಮೂರು ಕಾಲುವೆಗಳಿವೆ. ಸೊನ್ನೆಯ ಕಾಲುವೆಯಿಂದ ಒಳಬರುವುದು, ಒಂದನೆಯದರಿಂದ ಉತ್ತರ ಹೊರಹೋಗುವುದು, ಎರಡನೆಯದರಿಂದ ದೋಷಸೂಚನೆ ಹೊರಹೋಗುವುದು. ಉತ್ತರವನ್ನು ಕಡತಕ್ಕೆ ಕಳಿಸಿದರೂ ದೋಷಸೂಚನೆ ಪರದೆಗೇ ಬರುತ್ತದೆ. ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಎರಡೂ ಕಾಲುವೆಗಳು ಕೊನೆಗೆ ಒಂದೇ ಪರದೆಯೆಂಬ ಕೆರೆಗೆ ಬಂದು ಬಿದ್ದಾಗ ನೀರು ಮತ್ತೆ ಬೆರೆತುಹೋಗುತ್ತದೆ. ಬೇರ್ಪಡಿಸಿದ ಶ್ರಮ ಕಣ್ಣಿಗೆ ದಕ್ಕಬೇಕಾದರೆ ಒಂದಕ್ಕೆ ಬಣ್ಣ ಬೇಕು.

ಬಣ್ಣದ ವ್ಯವಸ್ಥೆ ಹೊಸದೇನಲ್ಲ. 1976ರಲ್ಲಿ ಮೊದಲು ಪ್ರಕಟವಾದ ಎಕ್ಮಾ-48 ಮತ್ತು 1979ರ ಆನ್ಸಿ ಮಾನಕಗಳ ಪರಂಪರೆಯಲ್ಲಿ, ಅಕ್ಷರಗಳ ಮುಂದೆ ಒಂದು ಗುಪ್ತ ಸಂಕೇತವನ್ನು ಕಳಿಸಿದರೆ ಪರದೆಯು ಬಣ್ಣ ಬದಲಿಸುತ್ತದೆ. ಕೆಂಪಿಗೆ 31, ಹಸುರಿಗೆ 32, ಮೊದಲಿನ ಸ್ಥಿತಿಗೆ ಮರಳಲು ಸೊನ್ನೆ. ಆದರೂ ಸಾಮಾನ್ಯ ಬಳಕೆಯ ಸಾಧನಗಳು ಇದನ್ನು ದೋಷಸೂಚನೆಗೆ ಬಳಸಿಕೊಳ್ಳಲು ಬಹುಕಾಲ ಹಿಡಿಯಿತು. ವಿಂಡೋಸಿನ ಪವರ್‌ಶೆಲ್ 2006ರಲ್ಲಿ ಹುಟ್ಟಿದಾಗಲೇ ದೋಷವನ್ನು ಕೆಂಪಿನಲ್ಲಿ ತೋರಿಸಿತು. ಲೋಕವೆಲ್ಲ ಬಳಸುವ ಜಿಸಿಸಿ ಸಂಕಲನ ತಂತ್ರಾಂಶಕ್ಕೆ 2014ರ 4.9ನೆಯ ಆವೃತ್ತಿಯಲ್ಲಿ ಈ ಸೌಲಭ್ಯ ಸೇರಿತು. ಅದರಲ್ಲಿ ದೋಷಕ್ಕೆ ಕೆಂಪು, ಎಚ್ಚರಿಕೆಗೆ ನೇರಳೆಗೆಂಪು, ವಿವರಣೆಗೆ ತಿಳಿನೀಲಿ. ಈಗ ಶಾಲೆಗಳಲ್ಲಿ ಹೆಚ್ಚಾಗಿ ಕಲಿಸುವ ಪೈಥಾನ್ ಭಾಷೆಯಲ್ಲಿ ದೋಷಸೂಚನೆಗಳು ತಾವಾಗಿಯೇ ಬಣ್ಣದಲ್ಲಿ ಬರತೊಡಗಿದ್ದು 2024ರ ಅಕ್ಟೋಬರಿನಲ್ಲಿ ಬಂದ 3.13ನೆಯ ಆವೃತ್ತಿಯಿಂದ.

ಅಕ್ಷರಕ್ಕಿಂತ ಮೊದಲು ಬಣ್ಣ

ಬಣ್ಣದ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಣ್ಣವು ಅಕ್ಷರಕ್ಕಿಂತ ಮೊದಲು ಮನಸ್ಸನ್ನು ಮುಟ್ಟುತ್ತದೆ. ಅದಕ್ಕೆ ಓದು ಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ಲಗ್ನಪತ್ರಿಕೆಯ ಮೂಲೆಗೆ ಅರಿಷಿಣ ಹಚ್ಚುವುದನ್ನು ನೆನೆಯಿರಿ. ಓದುಬಾರದ ಅಜ್ಜಿಯೂ ಅದನ್ನು ಕೈಗೆತ್ತಿಕೊಂಡೊಡನೆ ‘ಯಾರ ಮದಿವೀರಿ?’ ಎಂದು ಕೇಳುತ್ತಾಳೆ. ವಿಷಯ ಶುಭವೆಂದು ಅರಿಷಿಣ ಹೇಳಿತು. ಯಾರದೆಂದು ಅಕ್ಷರ ಹೇಳಬೇಕು. ಬಣ್ಣ ಮತ್ತು ಅಕ್ಷರಗಳ ನಡುವಿನ ಕೆಲಸದ ಹಂಚಿಕೆ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿಯೂ ಇಲ್ಲ.

ಹಿಂದಿನ ಲಿಪಿಕಾರರೂ ಇದನ್ನು ಬಲ್ಲವರೇ. ನಮ್ಮ ದೇಶದ ಕಾಗದದ ಹಸ್ತಪ್ರತಿಗಳಲ್ಲಿ ತಪ್ಪಾದ ಅಕ್ಷರಗಳ ಮೇಲೆ ಹರಿತಾಳವೆಂಬ ಹಳದಿ ದ್ರವ್ಯವನ್ನು ಬಳಿಯುತ್ತಿದ್ದರು. ನಮ್ಮ ಕಾಲದ ಕಚೇರಿಯ ಟೈಪ್‌ರೈಟರಿನ ರಿಬ್ಬನ್ನು ಅರ್ಧ ಕಪ್ಪು, ಅರ್ಧ ಕೆಂಪು. ಇನ್ನು ನಮ್ಮ ಗುರುಗಳ ಕೆಂಪು ಮಸಿಯನ್ನು ಮರೆತವರುಂಟೆ? ಲ-ಳ, ಶ-ಸ, ಅಲ್ಪಪ್ರಾಣ-ಮಹಾಪ್ರಾಣಗಳು ಪಲ್ಲಟವಾದಲ್ಲೆಲ್ಲ ಕೆಂಪು ಸುತ್ತು ಬೀಳುತ್ತಿತ್ತು. ನೀಲಿ ಮಸಿಯ ಬರೆಹವನ್ನು ನೀಲಿ ಮಸಿಯಿಂದಲೇ ತಿದ್ದಿದ್ದರೆ ಯಾವುದು ಶಿಷ್ಯನದು, ಯಾವುದು ಗುರುವಿನದು ಎಂದು ತಿಳಿಯುತ್ತಿರಲಿಲ್ಲ. ಗಣಕಯಂತ್ರದ ಬಿಳಿಯ ದೋಷಸೂಚನೆ ಎಂದರೆ ಅಂಥದೇ ತಿದ್ದುಪಡಿ.

ಇಂಗ್ಲಿಷನ್ನು ನಿಧಾನವಾಗಿ ಓದುವ ಮಗುವಿಗೆ ಕೆಂಪು ಸಾಲು ಎರಡು ಉಪಕಾರ ಮಾಡುತ್ತದೆ. ಕೆಲಸ ಕೆಟ್ಟಿದೆ ಎಂಬ ಸುದ್ದಿಯನ್ನು ಓದುವ ಮುನ್ನವೇ ಮುಟ್ಟಿಸುತ್ತದೆ. ಮೂವತ್ತು ಸಾಲುಗಳಲ್ಲಿ ನೀನು ಓದಬೇಕಾದುದು ಈ ಒಂದೇ ಸಾಲು ಎಂದು ತೋರಿಸುತ್ತದೆ. ಮೂವತ್ತು ಸಾಲಿನ ಇಂಗ್ಲಿಷಿಗೆ ಹೆದರುವ ಮಗು ಒಂದು ಸಾಲಿಗೆ ಹೆದರುವುದಿಲ್ಲ.

ಅತಿಯಾದರೆ ಅಮೃತವೂ ವಿಷ

ಹಾಗೆಂದು ಎರಡನೆಯ ಕಾಲುವೆಯಲ್ಲಿ ಬಂದುದಕ್ಕೆಲ್ಲ ಕೆಂಪು ಬಳಿದರೆ ಕೆಲಸ ಮುಗಿಯಿತೆಂದು ಉತ್ಸಾಹಿಗಳು ತಿಳಿಯಬಾರದು. ಹಾಗೆ ಮಾಡುವ ಉಪಾಯಗಳಿವೆ. ನಾನು ಪ್ರಯೋಗಿಸಿಯೂ ನೋಡಿದ್ದೇನೆ. ಆ ಕಾಲುವೆಯಲ್ಲಿ ದೋಷಗಳಷ್ಟೇ ಹರಿಯುವುದಿಲ್ಲ. ಡಬ್ಲ್ಯುಗೆಟ್, ಕರ್ಲ್ ಮುಂತಾದ ಕಡತ ಇಳಿಸುವ ಸಾಧನಗಳು ಕೆಲಸ ಎಷ್ಟು ಆಗಿದೆ ಎಂಬ ಪ್ರಗತಿಯ ವರದಿಯನ್ನೂ ಅದರಲ್ಲಿಯೇ ಕಳಿಸುತ್ತವೆ. ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಪರದೆ ಕೆಂಪಾದರೆ ‘ತೋಳ ಬಂತು ತೋಳ’ ಎಂದು ಕೂಗಿದ ಕುರುಬರ ಹುಡುಗನ ಕಥೆಯಾಗುತ್ತದೆ. ಇನ್ನೊಂದು ತೊಡಕೂ ಇದೆ. ಬಣ್ಣ ಬಳಿಯಲೆಂದು ದೋಷದ ಸಾಲನ್ನು ಇನ್ನೊಂದು ಕಾರ್ಯಕ್ರಮದ ಮೂಲಕ ಹಾಯಿಸಿದಾಗ ಅದು ತುಸು ತಡವಾಗಿ ಬಂದು, ಉತ್ತರದ ಸಾಲುಗಳೊಡನೆ ಹಿಂದುಮುಂದಾಗುವುದುಂಟು.

ಕೆಂಪು ಎಲ್ಲೆಡೆಯೂ ದೋಷವೆಂದೇ ಅರ್ಥ ಕೊಡುವುದೂ ಇಲ್ಲ. ಲಿನಕ್ಸಿನಲ್ಲಿ ಕಡತಗಳ ಪಟ್ಟಿ ತೋರಿಸುವ ಆದೇಶವು ಒಟ್ಟುಗೂಡಿಸಿ ಕಟ್ಟಿದ ಕಡತಗಳನ್ನು ಕೆಂಪಿನಲ್ಲಿ ತೋರಿಸುತ್ತದೆ. ಗ್ರೆಪ್ ಎಂಬ ಹುಡುಕಾಟದ ಸಾಧನಕ್ಕೆ ಬಣ್ಣ ಕೊಟ್ಟರೆ ಅದು ಸಿಕ್ಕಿದ ಪದವನ್ನೇ ಕೆಂಪು ಮಾಡುತ್ತದೆ. ಅಲ್ಲಿ ಕೆಂಪೆಂದರೆ ಯಶಸ್ಸು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳದಿದ್ದರೆ ಗೊಂದಲ ಖಂಡಿತ. ಕಡತದಲ್ಲಿ ಉಳಿಸಿದಾಗ ಬಣ್ಣದ ಸಂಕೇತಗಳು ಅಸಂಬದ್ಧ ಅಕ್ಷರಗಳಾಗಿ ಸೇರಿಕೊಳ್ಳುವ ಕಾಟವೂ ಇದೆ. ಒಳ್ಳೆಯ ತಂತ್ರಾಂಶಗಳು ತಾವು ಬರೆಯುತ್ತಿರುವುದು ಪರದೆಗೋ ಕಡತಕ್ಕೋ ಎಂದು ಮೊದಲು ಪರೀಕ್ಷಿಸಿ, ಪರದೆಯಾದರೆ ಮಾತ್ರ ಬಣ್ಣ ಬಳಸುತ್ತವೆ. ಬಣ್ಣವೇ ಬೇಡವೆನ್ನುವವರಿಗಾಗಿ ‘ನೋ ಕಲರ್’ ಎಂಬ ಸಾಮಾನ್ಯ ಒಡಂಬಡಿಕೆಯೊಂದು 2017ರಿಂದ ಬಳಕೆಯಲ್ಲಿದೆ. ಕೊಡುವುದರ ಜೊತೆಗೆ ಬೇಡವೆನ್ನುವ ಸ್ವಾತಂತ್ರ್ಯವನ್ನೂ ಉಳಿಸುವುದು ಸಭ್ಯತೆಯ ಲಕ್ಷಣ.

ಇವೆಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಎಲ್ಲರ ಕಣ್ಣಿಗೂ ಕೆಂಪು ಕೆಂಪಾಗಿಯೇ ಕಾಣುತ್ತದೆಯೆ? ನಮ್ಮ ವಿಜ್ಞಾನದ ಪಾಠದಲ್ಲಿ ಪರಮಾಣು ಸಿದ್ಧಾಂತಕ್ಕಾಗಿ ಬಾಯಿಪಾಠ ಮಾಡಿದ ಜಾನ್ ಡಾಲ್ಟನ್ ಅವರು 1794ರಲ್ಲಿ, ಇತರರಂತೆ ತಮಗೆ ಬಣ್ಣಗಳು ಕಾಣುವುದಿಲ್ಲವೆಂದು ಸ್ವತಃ ಪ್ರಬಂಧ ಓದಿದರು. ಕೆಂಪು-ಹಸುರು ಬೇರ್ಪಡಿಸಲಾಗದ ಈ ವರ್ಣಾಂಧತೆ ಯೂರೋಪ್ ಮೂಲದ ಪುರುಷರಲ್ಲಿ ಶೇಕಡಾ 8ರಷ್ಟು, ಸ್ತ್ರೀಯರಲ್ಲಿ ಶೇಕಡಾ ಅರ್ಧದಷ್ಟು ಎಂದು ಲೆಕ್ಕ. ಅದು ತಾಯಿಯ ಮೂಲಕ ಗಂಡುಮಕ್ಕಳಿಗೆ ಇಳಿಯುವುದರಿಂದ ಹುಡುಗರಲ್ಲಿಯೇ ಹೆಚ್ಚು. ನಮ್ಮ ತರಗತಿಗಳಲ್ಲಿಯೂ ಅಂಥ ಹುಡುಗರು ಇರಲೇಬೇಕು. ತಮಗೆ ಹಾಗಿದೆಯೆಂದು ಅವರಿಗೇ ತಿಳಿಯದಿರಬಹುದು.

ಈ ವಿಷಯದಲ್ಲಿ ರೈಲ್ವೆಯ ವಿವೇಕ ಅನುಕರಣೀಯ. ತಾಂಡೂರಿನ ಹಿರಿಯರು ವಾಡಿ-ಸಿಕಂದರಾಬಾದ್ ಮಾರ್ಗದ ರೈಲುಗಳನ್ನು ನೋಡುತ್ತಲೇ ಬೆಳೆದವರು. ಹಳೆಯ ಕಾಲದ ಕೈಕಂಬದ ಸಿಗ್ನಲ್ ಹಗಲಿನಲ್ಲಿ ಮಾತಾಡುತ್ತಿದ್ದುದು ಕೈಯ ಭಂಗಿಯಿಂದ, ರಾತ್ರಿಯಲ್ಲಿ ದೀಪದ ಬಣ್ಣದಿಂದ. ಬಣ್ಣದ ಮೇಲೆ ಅವಲಂಬಿಸಬೇಕಾದ ಎಂಜಿನ್ ಚಾಲಕರ ಕಣ್ಣನ್ನು ಪರೀಕ್ಷಿಸಿಯೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಅದಕ್ಕೆ ಪ್ರಸಿದ್ಧವಾದ, ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಫಲಕಗಳನ್ನು ಜಪಾನಿನ ಇಷಿಹಾರಾ ಅವರು 1917ರಲ್ಲಿ ಪ್ರಕಟಿಸಿದರು. ಆದರೆ ಶಾಲೆ ರೈಲ್ವೆಯಲ್ಲ. ಇಲ್ಲಿ ಮಕ್ಕಳನ್ನು ಪರೀಕ್ಷಿಸಿ ಹೊರಗಿಡುವಂತಿಲ್ಲ. ಆದ್ದರಿಂದ ಬಣ್ಣದ ಜೊತೆಗೆ ಆಕಾರವೂ ಬೇಕು. ಅಂತರಜಾಲ ಪುಟಗಳಿಗಾಗಿ ರೂಪಿಸಿದ 2008ರ ಸುಗಮತಾ ಮಾರ್ಗಸೂಚಿಯೂ, ಬಣ್ಣವೊಂದರಿಂದಲೇ ಮಾಹಿತಿ ತಿಳಿಸಬಾರದೆಂದು ವಿಧಿಸಿದೆ. ನಮ್ಮ ಗುರುಗಳು ತಪ್ಪು ಲೆಕ್ಕಕ್ಕೆ ಹಾಕುತ್ತಿದ್ದ ಇಂಟು ಮಾರ್ಕು ಕಪ್ಪು ಮಸಿಯಲ್ಲಿದ್ದರೂ ತಪ್ಪೆಂದೇ ತಿಳಿಯುತ್ತಿತ್ತಲ್ಲವೆ? ಪರದೆಯ ಮೇಲೆಯೂ ಕೆಂಪು ಸಾಲಿನ ಮುಂದೆ ಅಂಥದೊಂದು ಗುರುತು ಇರಲಿ. ಕೆಂಪು ಕಾಣದವನಿಗೆ ಗುರುತು ಕಾಣುತ್ತದೆ.

ಬಣ್ಣ ಕರೆಯುತ್ತದೆ, ಮಾತು ದಾರಿ ತೋರುತ್ತದೆ

ಬಣ್ಣ ಕಣ್ಣನ್ನು ಕರೆದು ತಂದ ಮೇಲೆ ಅಲ್ಲಿ ಓದುವುದಕ್ಕೆ ತಕ್ಕ ಮಾತು ಇರಬೇಕು. ದೋಷಸೂಚನೆಗಳ ಭಾಷೆ ಬಹುಕಾಲ ಒರಟಾಗಿಯೇ ಇತ್ತು. ಈಚೆಗೆ ಅದು ತಿದ್ದಿಕೊಳ್ಳುತ್ತಿದೆ. 2021ರ ಪೈಥಾನ್ 3.10ನೆಯ ಆವೃತ್ತಿಯಿಂದ, ಹೆಸರನ್ನು ತಪ್ಪಾಗಿ ಬರೆದರೆ ನೀವು ಹೇಳಬೇಕೆಂದಿದ್ದುದು ಇದೇ ಏನು ಎಂದು ಸಮೀಪದ ಹೆಸರನ್ನು ಸೂಚಿಸುತ್ತದೆ. ಸುತ್ತು ಹಾಕಿ ಬಿಡದೆ ಪಕ್ಕದಲ್ಲಿ ಸರಿರೂಪವನ್ನೂ ಬರೆಯುತ್ತಿದ್ದ ಗುರುಗಳ ರೀತಿ ಇದು.

ಈ ಮಾತು ಕನ್ನಡದಲ್ಲಿಯೇ ಬರುವಂತಾದರೆ ಎಷ್ಟು ಚೆನ್ನ ಎಂದು ಓದುಗರು ಕೇಳಬಹುದು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, ಅನಂತರ ಯುನಿಕೋಡ್, ಇವುಗಳಿಂದ ಗಣಕದಲ್ಲಿ ಕನ್ನಡ ಬರೆಯುವುದು ಸುಲಭವಾಯಿತು. ಸ್ವತಂತ್ರ ತಂತ್ರಾಂಶಗಳ ಸಂದೇಶಗಳನ್ನು ಬೇರೆ ಭಾಷೆಗೆ ತಿರುಗಿಸುವ ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆ ಇದೆ; ಗ್ನೋಮ್, ಕೆಡಿಇ ಮುಂತಾದ ಚಿತ್ರಮಯ ಪರದೆಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಆದರೆ ಕಪ್ಪು ಪರದೆಯಲ್ಲಿ ಒಂದು ಅಡಚಣೆಯಿದೆ. ಅದು ಪರದೆಯನ್ನು ಸಮಾನ ಅಳತೆಯ ಚೌಕಗಳಾಗಿ ವಿಂಗಡಿಸಿ, ಚೌಕಕ್ಕೆ ಒಂದರಂತೆ ರೋಮನ್ ಅಕ್ಷರವನ್ನು ಕೂರಿಸಲು ಹುಟ್ಟಿದ್ದು. ಕನ್ನಡದ ಅಕ್ಷರಗಳು ಒಂದೇ ಅಗಲದವಲ್ಲ. ಗುಣಿತ ಮತ್ತು ಒತ್ತಕ್ಷರಗಳಿಂದ ಮೇಲೂ ಕೆಳಗೂ ಬೆಳೆಯುತ್ತವೆ. ‘ತಪ್ಪು’ ಎಂಬ ಪುಟ್ಟ ಪದದಲ್ಲಿಯೇ ಒತ್ತಕ್ಷರವಿರುವುದರಿಂದ ಅನೇಕ ಪರದೆಗಳಲ್ಲಿ ಅದೇ ಚೆದುರಿ ನಿಲ್ಲುತ್ತದೆ. ತಪ್ಪೆಂಬ ಪದವೇ ತಪ್ಪಾಗಿ ಕಾಣುವುದು ವಿಧಿಯ ವಿನೋದ! ಈ ಕೊರತೆಯನ್ನು ನೀಗಿಸುವ ಕನ್ನಡದ ತಂತ್ರಜ್ಞರು ಮುಂದೆ ಬರಲಿ, ಅವರಲ್ಲಿ ಒಬ್ಬರಾದರೂ ನಮ್ಮ ಶಾಲೆಯವರಾಗಿರಲಿ. ಅಲ್ಲಿಯವರೆಗೆ ಪರದೆಯಲ್ಲಿ ಬಣ್ಣ ಮತ್ತು ಗುರುತು, ಗೋಡೆಯ ಮೇಲೆ ಕನ್ನಡ ಎಂಬ ಏರ್ಪಾಟು ಸಾಕು.

ಎರಡು ಆಕ್ಷೇಪಗಳು

ಕೆಂಪು ಬಣ್ಣ ಮಕ್ಕಳನ್ನು ಹೆದರಿಸುತ್ತದೆ, ಅವರ ಆತ್ಮವಿಶ್ವಾಸವನ್ನು ಕುಗ್ಗಿಸುತ್ತದೆ ಎನ್ನುವ ಶಿಕ್ಷಣಪ್ರೇಮಿಗಳಿದ್ದಾರೆ. ಅವರ ಕಳಕಳಿ ನಿಜವಾದುದು. ಪರದೆ ತುಂಬ ಕೆಂಪು ಸುರಿದರೆ ದೊಡ್ಡವರೂ ಅಂಜುತ್ತಾರೆ. ಆದರೆ ಹೆದರಿಸುವುದು ಬಣ್ಣವಲ್ಲ, ಬಣ್ಣದ ಜೊತೆಗೆ ಬರುವ ಅವಮಾನ. ಅದೇ ಕೆಂಪು ಮಸಿಯಿಂದ ಸೊನ್ನೆ ಬರೆದು ಪುಸ್ತಕವನ್ನು ಎಸೆಯುವವರೂ ಇದ್ದರು, ಅದೇ ಮಸಿಯಿಂದ ತಿದ್ದಿ ಬೆನ್ನು ತಟ್ಟುವವರೂ ಇದ್ದರು. ಯಂತ್ರದ ಕೆಂಪಿಗೆ ಒಂದು ಗುಣವಿದೆ. ಅದು ನಾಲ್ಕು ಜನರ ಮುಂದೆ ಹೆಸರು ಹಿಡಿದು ಬೈಯುವುದಿಲ್ಲ, ನಿನ್ನೆಯ ತಪ್ಪನ್ನು ಇಂದು ಎತ್ತಿ ಆಡುವುದಿಲ್ಲ, ತಿದ್ದಿದೊಡನೆ ಮರೆತುಬಿಡುತ್ತದೆ. ಇಷ್ಟನ್ನು ಮೊದಲ ದಿನವೇ ಹೇಳಿಕೊಟ್ಟರೆ ಮಕ್ಕಳು ಕೆಂಪಿಗೆ ಹೆದರುವುದಿಲ್ಲ.

ಎರಡನೆಯದು ಪೋಷಕರ ಆಕ್ಷೇಪ. ಹೇಗಿದ್ದರೂ ಇಂಗ್ಲಿಷ್ ಕಲಿಯಲೇಬೇಕಲ್ಲ, ಈ ಊರುಗೋಲು ಏಕೆ ಎಂದು ಅವರು ಕೇಳುತ್ತಾರೆ. ಕಲಿಯಲೇಬೇಕು, ಕಲಿಯುತ್ತಾರೆ. ಆದರೆ ಹದಿಮೂರು ವರ್ಷದ ಮಗು ತರ್ಕವನ್ನೂ ಇಂಗ್ಲಿಷನ್ನೂ ಯಂತ್ರವನ್ನೂ ಒಂದೇ ಗಂಟೆಯಲ್ಲಿ ಕಲಿಯಬೇಕೆಂದು ಕೂರಿಸಿದರೆ ಮೂರೂ ಕೈತಪ್ಪುತ್ತವೆ. ‘ಗಣಕ ನನಗಲ್ಲ’ ಎಂಬ ತೀರ್ಮಾನಕ್ಕೆ ಬರಲು ಮಗುವಿಗೆ ಒಂದು ತಿಂಗಳು ಸಾಕು. ಆ ತೀರ್ಮಾನವನ್ನು ಅಳಿಸಲು ಹಲವು ವರ್ಷ ಬೇಕು. ಕನ್ನಡ ಶಾಲೆಯಲ್ಲಿ ಓದಿದರೆ ಮಕ್ಕಳು ಹಿಂದುಳಿಯುತ್ತಾರೆಂಬ ಮಾತು ನಮ್ಮ ಭಾಗದಲ್ಲಿ ಪ್ರತಿ ಜೂನ್ ತಿಂಗಳಲ್ಲಿ ಕೇಳಿಬರುತ್ತದೆ. ಹಿಂದುಳಿಯುವುದು ಇಂಥ ಸಣ್ಣ ಎಡೆಗಳಲ್ಲಿ. ಅವನ್ನು ತುಂಬಿದರೆ ಆ ಮಾತಿಗೆ ಬೇರೆ ಉತ್ತರ ಬೇಕಿಲ್ಲ.

ನಮ್ಮ ಶಾಲೆ ಮಾಡಬಹುದಾದುದು

ಮಹೋತ್ಸವದ ಅಂಗವಾಗಿ ಹೊಸ ಗಣಕಯಂತ್ರಗಳನ್ನು ಕೊಡಿಸಲು ಹಳೆಯ ವಿದ್ಯಾರ್ಥಿಗಳು ಮುಂದೆ ಬಂದಿರುವುದು ಶ್ಲಾಘನೀಯ. ಯಂತ್ರಗಳ ಜೊತೆಗೆ, ಹಣವೇ ಬೇಡದ ನಾಲ್ಕು ಕೆಲಸಗಳನ್ನು ಸೇರಿಸಿಕೊಳ್ಳಬೇಕೆಂದು ಬಿನ್ನವಿಸುತ್ತೇನೆ.

ಮೊದಲನೆಯದು, ಪ್ರತಿ ಯಂತ್ರದಲ್ಲಿಯೂ ಆದೇಶ ಕೇಳುವ ಚಿಹ್ನೆಯನ್ನು ಮಾರ್ಪಡಿಸುವುದು. ಪ್ರತಿಯೊಂದು ಆದೇಶವೂ ಮುಗಿದಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ಸಾಮಾನ್ಯವಾಗಿ ಕೆಲಸ ಸರಿಯಾಗಿದೆ, ಬೇರೆ ಸಂಖ್ಯೆಯಾದರೆ ಎಡವಿದೆ. ಲಿನಕ್ಸಿನಲ್ಲಿ ಇಲ್ಲದ ಆದೇಶವನ್ನು ಕೊಟ್ಟರೆ ಆ ಸಂಖ್ಯೆ 127. ಸೊನ್ನೆಯಲ್ಲದ ಸಂಖ್ಯೆ ಬಂದಾಗ ಮುಂದಿನ ಸಾಲಿನ ಆರಂಭದಲ್ಲಿ ಕೆಂಪು ಇಂಟು ಮಾರ್ಕು ಮೂಡುವಂತೆ ಮಾಡಲು ಒಂದೆರಡು ಸಾಲಿನ ಬರೆಹ ಸಾಕು. ಎರಡನೆಯ ಕಾಲುವೆಗೆಲ್ಲ ಬಣ್ಣ ಬಳಿಯುವುದಕ್ಕಿಂತ ಇದು ಹೆಚ್ಚು ನಂಬಿಕೆಗೆ ಅರ್ಹ. ಪ್ರಗತಿಯ ವರದಿಯನ್ನು ದೋಷವೆಂದು ಕೂಗುವುದಿಲ್ಲ. ನಿನ್ನೆಯ 160ನ್ನು ಇಂದಿನ ಉತ್ತರವೆಂದು ನಂಬುವ ಅಪಾಯವನ್ನೂ ಇದು ಬಹುಮಟ್ಟಿಗೆ ತಪ್ಪಿಸುತ್ತದೆ.

ಎರಡನೆಯದು, ಜಿಸಿಸಿ, ಪೈಥಾನ್ ಮುಂತಾದವುಗಳ ಬಣ್ಣ ತೋರಿಸುವ ಆವೃತ್ತಿಗಳನ್ನೇ ಸ್ಥಾಪಿಸಿ, ಕಪ್ಪಿನ ಮೇಲೆ ಮಂಕಾಗಿ ಕಾಣುವ ಕಡುಗ ೆಂಪಿನ ಬದಲು ಹೊಳೆಯುವ ಕೆಂಪನ್ನು ಆರಿಸುವುದು. ಮೂರನೆಯದು, ಪದೇ ಪದೇ ಬರುವ ಇಪ್ಪತ್ತು ದೋಷಸೂಚನೆಗಳ ಅರ್ಥವನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ಕೊಠಡಿಯ ಗೋಡೆಗೆ ಅಂಟಿಸುವುದು. ‘ಕಮಾಂಡ್ ನಾಟ್ ಫೌಂಡ್’ ಎಂದರೆ ಆ ಹೆಸರಿನ ಆದೇಶ ಸಿಗಲಿಲ್ಲ, ಕಾಗುಣಿತ ನೋಡು. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದರೆ ನೀನು ಹೇಳಿದ ಜಾಗದಲ್ಲಿ ಆ ಕಡತವಿಲ್ಲ, ಹೆಸರನ್ನೂ ಜಾಗವನ್ನೂ ನೋಡು. ‘ಪರ್ಮಿಷನ್ ಡಿನೈಡ್’ ಎಂದರೆ ನಿನಗೆ ಆ ಕೆಲಸಕ್ಕೆ ಅನುಮತಿಯಿಲ್ಲ, ಗುರುಗಳನ್ನು ಕೇಳು. ‘ಸಿಂಟ್ಯಾಕ್ಸ್ ಎರರ್’ ಎಂದರೆ ವಾಕ್ಯರಚನೆ ತಪ್ಪಿದೆ, ಆ ಸಾಲನ್ನೂ ಅದರ ಹಿಂದಿನ ಸಾಲನ್ನೂ ನೋಡು.

ನಾಲ್ಕನೆಯದು, ಒಂದು ಸೂತ್ರವನ್ನು ಮಕ್ಕಳಿಗೆ ಕಲಿಸುವುದು. ಸಿ ಭಾಷೆಯಲ್ಲಿ ಒಂದು ಅರ್ಧವಿರಾಮ ಅಥವಾ ಆವರಣ ಬಿಟ್ಟುಹೋದರೆ ಯಂತ್ರವು ದಾರಿ ತಪ್ಪಿ, ಮುಂದಿನ ಸರಿಯಾದ ಸಾಲುಗಳನ್ನೂ ದೋಷವೆಂದು ದೂರುವುದುಂಟು. ಹತ್ತು ಕೆಂಪು ಸಾಲು ಕಂಡರೆ ಹತ್ತು ತಪ್ಪಾಗಿದೆಯೆಂದು ಕುಸಿಯಬೇಕಿಲ್ಲ. ‘ಮೊದಲ ಕೆಂಪನ್ನು ತಿದ್ದು, ಮತ್ತೆ ನಡೆಸು’ ಎಂಬುದೇ ಆ ಸೂತ್ರ. ಪೈಥಾನಿನಲ್ಲಿ ಮಾತ್ರ ಕ್ರಮ ತಿರುಗುಮುರುಗು. ಅಲ್ಲಿ ದೋಷದ ಹೆಸರು ಕಟ್ಟಕಡೆಯ ಸಾಲಿನಲ್ಲಿರುತ್ತದೆ, ಕೆಳಗಿನಿಂದ ಮೇಲಕ್ಕೆ ಓದಬೇಕು.

ಈ ನಾಲ್ಕೂ ಕೆಲಸಗಳಿಗೆ ಒಬ್ಬ ಬಲ್ಲವರು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಸಾಕು. ಗಣಕ ವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಹೈದರಾಬಾದ್, ಬೆಂಗಳೂರುಗಳಿಂದ ಮಹೋತ್ಸವಕ್ಕೆಂದು ಊರಿಗೆ ಬಂದಾಗ ಆ ಮಧ್ಯಾಹ್ನವನ್ನು ಶಾಲೆಗೆ ಕೊಡಲಿ. ಗೋಡೆಯ ಪಟ್ಟಿಯ ಕನ್ನಡವನ್ನು ನಮ್ಮ ಕನ್ನಡ ಪಂಡಿತರು ತಿದ್ದಿಕೊಡಲಿ, ಅದೂ ಕೆಂಪು ಮಸಿಯಿಂದಲೇ.

ಐವತ್ತು ವರ್ಷಗಳಲ್ಲಿ ಈ ಶಾಲೆ ನಮಗೆ ಅಕ್ಷರ ಕಲಿಸಿತು, ಅದಕ್ಕಿಂತ ಹೆಚ್ಚಾಗಿ ತಿದ್ದಿಕೊಳ್ಳುವುದನ್ನು ಕಲಿಸಿತು. ಮುಂದಿನ ಐವತ್ತು ವರ್ಷಗಳ ಮಕ್ಕಳಿಗೂ ಆ ಭಾಗ್ಯ ದೊರೆಯಲಿ, ಅವರ ತಪ್ಪುಗಳು ಬೇಗ ಕಣ್ಣಿಗೆ ಬೀಳಲಿ, ಬೇಗ ತಿದ್ದಿಹೋಗಲಿ ಎಂದು ಹಾರೈಸುತ್ತೇನೆ. ಸುವರ್ಣ ಮಹೋತ್ಸವಕ್ಕೆ ಶುಭವಾಗಲಿ.